ಸುಮೇಧಾ ಸಮಾಧಾನ ಹೇಳುವುದನ್ನು ಬಿಟ್ಟದ್ದು

ಸುಮೇಧಾ ಮೋರಖಂಡಿಯವಳು. ತಾಯಿ ಕಾಂತಾಬಾಯಿ ಇನ್ನೊಬ್ಬರ ಹೊಲದಲ್ಲಿ ಕಳೆ ತೆಗೆದು, ತೊಗರಿ ಕೊಯ್ದು ಮಗಳನ್ನು ಕಲಬುರಗಿಯವರೆಗೆ ಓದಿಸಿದಳು. ಮನಸ್ಸಿನ ಕಾಯಿಲೆಯವರ ಜೊತೆ ಮಾತಾಡಿ ಗುಣ ಮಾಡುವ ಓದು ಅದು. ಈಗ ಬಸವಕಲ್ಯಾಣದಲ್ಲಿ ಬಾಡಿಗೆ ಮನೆ ಮಾಡಿಕೊಂಡು ದಿನಾ ಬಸ್ಸಿನಲ್ಲಿ ಹುಮನಾಬಾದಿಗೆ ಬರುತ್ತಾಳೆ. ಕಾಳುಕಡಿ ಮಾರುವ ಗಂಜಿನ ಹಿಂದೆ ಒಂದು ಸಣ್ಣ ಕೇಂದ್ರದಲ್ಲಿ ಅವಳ ಕೆಲಸ. ಗುಳಿಗೆ ಬರೆಯುವ ಡಾಕ್ಟರು ವಾರಕ್ಕೊಮ್ಮೆ ಬೀದರಿನಿಂದ ಬರುತ್ತಾರೆ. ಉಳಿದ ದಿನ ಎಲ್ಲರ ಮಾತು ಕೇಳುವವಳು ಇವಳೇ. ಎಲ್ಲರೂ ಮೇಡಂ ಅನ್ನುತ್ತಾರೆ. ನನಗೆ ಮಗಳ ವಯಸ್ಸಿನವಳು, ಅದಕ್ಕೆ ನಾನು ಅವಳು ಎಂದೇ ಬರೆಯುತ್ತೇನೆ. ಇದನ್ನು ಬರೆಯಲು ಅವಳೂ ಒಪ್ಪಿದ್ದಾಳೆ, ನನ್ನ ಸೊಸೆ ವರ್ಷಾ ಕೂಡ ಒಪ್ಪಿದ್ದಾಳೆ.

ನಾವು ಮುಡಬಿಯವರು. ಮಗ ಸತೀಶಕುಮಾರನಿಗೆ ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರಲ್ಲಿ ಪೆಟ್ಟಿಗೆ ಕಟ್ಟುವ ಕೆಲಸ ಸಿಕ್ಕ ಮೇಲೆ ಎಲ್ಲರೂ ಇಲ್ಲಿಗೇ ಬಂದೆವು. ಮೊಮ್ಮಗಳು ಪೂನಂ ಹುಟ್ಟಿದ ಮೇಲೆ ವರ್ಷಾಳಿಗೆ ಕೈ ತೊಳೆಯುವ ಕಾಯಿಲೆ ಹತ್ತಿತು. ಗಂಡನ ಅಂಗಿ ಮುಟ್ಟಿದರೆ ತೊಳೆ, ಬಾಗಿಲು ಮುಟ್ಟಿದರೆ ತೊಳೆ. ಬೆರಳ ಸಂದಿ ಬಿರಿದು ರಕ್ತ ಬರುತ್ತಿತ್ತು. ಕೊನೆಗೆ ಕೂಸನ್ನು ಮುಟ್ಟುವುದನ್ನೂ ಬಿಟ್ಟಳು. ರೊಟ್ಟಿ ಬಡಿಯುವುದು, ಕೂಸಿಗೆ ತಿನ್ನಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಪೂನಂ ಸೆರಗು ಹಿಡಿಯಲು ಹೋದರೆ ಇವಳು ಗೋಡೆಗೆ ಆನಿಕೊಂಡು ನಿಲ್ಲುವಳು. ಯಾಕೆಂದು ಕೇಳಿದರೆ ಬಾಯಿ ಬಿಡಲಿಲ್ಲ. ಹೀಗೇ ಆದರೆ ಕೂಸು ತಾಯಿಯನ್ನು ಮರೆತುಬಿಡುತ್ತದೆ ಎಂದು ಹೆದರಿ ಅವಳನ್ನು ಸುಮೇಧಾಳ ಹತ್ತಿರ ಕರೆದುಕೊಂಡು ಹೋದೆವು.

ಆ ಕೋಣೆಯ ಗೋಡೆಗೆ ಬುದ್ಧನ ಫೋಟೋ ಇತ್ತು. ಸುಮೇಧಾ ತನ್ನ ಊರು ಹೇಳಿದಳು, ನಾವು ನಮ್ಮದು ಹೇಳಿದೆವು. ಸ್ಟೀಲಿನ ಲೋಟದಲ್ಲಿ ನೀರು ಕೊಟ್ಟಳು. ವರ್ಷಾ ಅದನ್ನು ಹಿಡಿದಳು, ಕುಡಿಯದೆ ಕೆಳಗಿಟ್ಟಳು, ಆಮೇಲೆ ಸೆರಗಿನ ತುದಿಯಿಂದ ಲೋಟವನ್ನು ಸುತ್ತಲೂ ಒರೆಸಿದಳು. ಏಳುವಾಗ ಕುರ್ಚಿಯನ್ನೂ ಒರೆಸಿದಳು. ಸುಮೇಧಾಳ ಮುಖ ಬಿಗಿಯಿತು.

ಅವಳಿಗೆ ಏನು ಅನ್ನಿಸಿತು ಅನ್ನುವುದು ನಮಗೆ ತಿಳಿದದ್ದು ಬಹಳ ತಡವಾಗಿ. ಚಿಕ್ಕವಳಿದ್ದಾಗ ತಾಯಿಯ ಜೊತೆ ಕೂಲಿಗೆ ಹೋದರೆ, ಹೊಲದವರು ಇವರ ಬೊಗಸೆಗೆ ಮೇಲಿನಿಂದ ನೀರು ಹೊಯ್ಯುತ್ತಿದ್ದರಂತೆ. ಇವರು ಕೂತು ಎದ್ದ ಕಟ್ಟೆಯನ್ನು ತೊಳೆಯುತ್ತಿದ್ದರಂತೆ. ನನ್ನ ಸೊಸೆ ಲೋಟ ಒರೆಸಿದ್ದನ್ನೂ ಅವಳು ಅದೇ ಸಾಲಿಗೆ ಸೇರಿಸಿದಳು. ಈ ಹೆಂಗಸಿಗೆ ಕಾಯಿಲೆಯೂ ಇದೆ, ಜಾತಿಯೂ ಇದೆ ಅಂದುಕೊಂಡಳು.

ಹಾಗಾಗಿ ಕೇಳಬೇಕಾದದ್ದನ್ನು ಕೇಳಲಿಲ್ಲ. ತೊಳೆಯದೆ ಬಿಟ್ಟರೆ ಏನಾಗುತ್ತದೆ ಎಂದು ನಿಮಗೆ ಹೆದರಿಕೆ? ಈ ಕಾಯಿಲೆಯವರಿಗೆ ಮೊದಲು ಕೇಳುವ ಪ್ರಶ್ನೆಯೇ ಅದಂತೆ. ಉತ್ತರ ತನಗೆ ಗೊತ್ತು ಅಂದುಕೊಂಡು, ಉಸಿರು ಎಳೆದು ಬಿಡುವುದನ್ನು ಕಲಿಸಿ ಕಳಿಸಿದಳು. ಮುಂದಿನ ಸಲವೂ ಅಷ್ಟೇ. ಎರಡು ತಿಂಗಳು ಹೀಗೆಯೇ ಹೋಯಿತು. ಕೊನೆಗೆ, ಬೀದರಿನಲ್ಲಿ ಬೇರೆಯವರಿದ್ದಾರೆ, ಅಲ್ಲಿಗೆ ಹೋಗಿ ಎಂದು ಚೀಟಿ ಬರೆಯಲು ಕೂತಳು.

ಅಂದು ಬಿಸಿಲು ಜೋರಾಗಿತ್ತು. ಬರೆಯುತ್ತ ಬರೆಯುತ್ತ, ವರ್ಷಾ ಹಿಡಿದು ಇಟ್ಟಿದ್ದ, ಇನ್ನೂ ಒರೆಸಿರದ ಲೋಟವನ್ನೇ ಎತ್ತಿ ಬಾಯಿಗಿಟ್ಟಳು. ವರ್ಷಾ ಎದ್ದು ಅದನ್ನು ಕಸಿದುಕೊಂಡಳು. ನೀರು ಮೇಜಿನ ತುಂಬ ಚೆಲ್ಲಿತು.

“ಕುಡಿಬ್ಯಾಡ್ರಿ ಮೇಡಂ. ಅದಕ ನಾ ಮುಟ್ಟೀನಿ.”

“ನೀವ್ ಮುಟ್ಟಿದ್ರ ಏನಾತು?” ಎಂದಳು ಸುಮೇಧಾ.

“ಇವರ ಫ್ಯಾಕ್ಟರಿ ಅಂಗ್ಯಾಗಿನ ಔಷಧಿ ಪುಡಿ ನನ್ನ ಕೈಯಾಗ ಕುಂತದರಿ. ಎಷ್ಟ್ ತೊಳದ್ರೂ ಹೋಗವಲ್ದು. ನಿಮಗ ಏನರ ಆದ್ರ, ಕೊಂದಾಕಿ ನಾನೇ ಆಗ್ತೀನಲ್ರಿ.”

ಇಷ್ಟು ದಿನ ನನ್ನ ಸೊಸೆ ಆ ಲೋಟವನ್ನು ಒರೆಸಿದ್ದು ಸುಮೇಧಾ ಬದುಕಿರಲಿ ಎಂದು. ಕೂಸನ್ನು ದೂರ ಇಟ್ಟದ್ದೂ ಅದಕ್ಕೇ. ಸುಮೇಧಾ ಒದ್ದೆಯಾದ ಚೀಟಿಯನ್ನು ಮಡಚಿ ಬುಟ್ಟಿಗೆ ಹಾಕಿದಳು. ಕಣ್ಣೆತ್ತಿ ನಮ್ಮನ್ನು ನೋಡಲು ಅವಳಿಗೆ ಆಗಲಿಲ್ಲ.

ಆಮೇಲೆ ಅವಳು ಬಹಳ ಒಳ್ಳೆಯವಳಾದಳು. ತಪ್ಪು ನಡೆದದ್ದು ಅಲ್ಲಿಯೂ. ವರ್ಷಾಳಿಗೆ ತನ್ನ ಫೋನ್ ನಂಬರು ಕೊಟ್ಟಳು. ಮೇಡಂ, ಆರಾಮ ಇದ್ದೀರಿಲ್ರಿ ಎಂದು ಇವಳು ಕೇಳುವುದು, ಏನೂ ಆಗಿಲ್ಲ, ಆರಾಮ ಇದ್ದೇನೆ ಎಂದು ಅವಳು ಹೇಳುವುದು. ಮೊದಲು ಸಂಜೆಗೊಮ್ಮೆ ಇದ್ದ ಕರೆ ಮಧ್ಯಾಹ್ನಕ್ಕೂ ಬಂತು, ಬೆಳಗ್ಗೆಗೂ ಬಂತು. ಸುಮೇಧಾ ಬಸ್ಸಿನಲ್ಲಿ ನಿಂತುಕೊಂಡೇ ಉತ್ತರ ಕೊಡುತ್ತಿದ್ದಳು. ಮನೆಯಲ್ಲಿ ನಾನೂ ಅದನ್ನೇ ಮಾಡುತ್ತಿದ್ದೆ; ಕೂಸಿಗೆ ಏನೂ ಆಗಿಲ್ಲವ್ವಾ ಎಂದು ಹೇಳಿ ಹೇಳಿ ನಾಲಿಗೆ ಒಣಗುತ್ತಿತ್ತು. ನಾವು ಹೇಳಿದಷ್ಟೂ ವರ್ಷಾ ಕೇಳುವುದು ಹೆಚ್ಚಾಯಿತು.

ಸರಿಯಾದ ಚಿಕಿತ್ಸೆ ಸುಮೇಧಾಳಿಗೆ ಗೊತ್ತಿತ್ತು. ಹೆದರುವ ವಸ್ತುವನ್ನು ಸ್ವಲ್ಪ ಸ್ವಲ್ಪವಾಗಿ ಮುಟ್ಟಿಸಬೇಕು, ತೊಳೆಯಬಾರದು, ಸಮಾಧಾನವನ್ನೂ ಹೇಳಬಾರದು, ಹೆದರಿಕೆ ಏರಿ ತಾನಾಗಿಯೇ ಇಳಿಯುವವರೆಗೆ ಜೊತೆಗೆ ಕೂರಬೇಕು. ಓದಿದ್ದಳು, ಒಬ್ಬಳೇ ಮಾಡಿರಲಿಲ್ಲ. ಅದರ ಮೇಲೆ, ಒಮ್ಮೆ ತನ್ನಿಂದ ಅನ್ಯಾಯವಾದವಳನ್ನು ಮತ್ತೆ ಹೇಗೆ ಅಳಿಸುವುದು ಅನ್ನುವ ಸಂಕಟ.

ಇಂಥ ಕೇಂದ್ರಗಳಲ್ಲಿ ಕೆಲಸ ಮಾಡುವವರಿಗೆ ದಾರಿ ತೋರಿಸಲು ತಿಂಗಳಿಗೊಮ್ಮೆ ಕಲಬುರಗಿಯಿಂದ ಜಲಾಲುದ್ದೀನ್ ಸರ್ ಎಂಬ ಹಿರಿಯರು ಬರುತ್ತಾರೆ. ಅವರ ಮುಂದೆ ಅವಳು ಎಲ್ಲ ಹೇಳಿದಳು. ಅವರಂದ ಮಾತನ್ನು ಅವಳು ನಮಗೆ ಹಾಗೆಯೇ ಹೇಳಿದ್ದಾಳೆ: “ಬೇಟಾ, ನೀ ಇಲಾಜ್ ಮಾಡಾಕತ್ತಿಲ್ಲ, ಮಾಫಿ ಕೇಳಾಕತ್ತಿ. ಮಾಫಿ ಒಮ್ಮೆ ಕೇಳಿ ಮುಗ್ಸು.”

ಬರೀ ಬೈದು ಹೋಗಲಿಲ್ಲ ಅವರು. ಕರ್ಚೀಫನ್ನು ಸೆರಗಿನ ಹಾಗೆ ತಲೆಗೆ ಹಾಕಿಕೊಂಡು ತಾವೇ ವರ್ಷಾ ಆದರು. ನಿಮಗೆ ಏನೂ ಆಗಲ್ಲಲ್ರಿ ಎಂದು ಅತ್ತು ಕೇಳಿದರು, ಸಿಟ್ಟಿನಿಂದ ಕೇಳಿದರು, ಒಂದು ಮಾತು ಹೇಳಲು ಬಾರದ ನೀವೆಂಥ ಮೇಡಂ ಎಂದು ಹಂಗಿಸಿದರು. ಅವಳು ಪ್ರತಿ ಸಲ ಸೋತು ಸಮಾಧಾನ ಹೇಳಿಬಿಡುವಳು. ಅವರು ಮತ್ತೆ ಮೊದಲಿನಿಂದ. ಬಿಳಿ ಗಡ್ಡದ ಸೊಸೆಯನ್ನು ನೋಡಿ ಮೊದಲು ನಕ್ಕಳಂತೆ, ಆಮೇಲೆ ಅತ್ತಳಂತೆ. ನನ್ನ ಕೈ ನಡುಗುತ್ತದೆ ಸರ್ ಅಂದದ್ದಕ್ಕೆ, “ನಡಗೂದು ನಿಂತ ಮ್ಯಾಲೆ ಮಾಡ್ತೀನಿ ಅಂದ್ರ ಆ ಕೂಸಿನ ಮದವಿ ಬರ್ತದ. ನಡಗ್ಕೋತನೇ ಕೂಡು,” ಎಂದರಂತೆ.

ಮರುವಾರ ಸುಮೇಧಾ ನನ್ನೆದುರೇ ವರ್ಷಾಳಿಗೆ ತಾನು ಏನು ತಿಳಿದುಕೊಂಡಿದ್ದಳು ಅನ್ನುವುದನ್ನೆಲ್ಲ ಹೇಳಿ, ತಪ್ಪಾಯಿತು ಎಂದಳು. ವರ್ಷಾ ಹೀಗಂದಳು:

“ನಮ್ಮ ಕಡಿ ಹಂಗ ಮಾಡೋರು ಅದಾರಲ್ರಿ. ನೀವ್ ತಿಳ್ಕೊಂಡಿದ್ದು ಪೂರಾ ಸುಳ್ಳಲ್ಲ. ಆದ್ರ ನನಗ ಒಂದ್ ಮಾತ್ ಕೇಳಬೇಕಿತ್ತು.”

ಆಮೇಲೆ ಕೆಲಸ ಶುರುವಾಯಿತು. ಯಾವುದು ಮೊದಲು, ಯಾವುದು ಆಮೇಲೆ ಎಂದು ವರ್ಷಾಳೇ ಆರಿಸಿದಳು: ಕುರ್ಚಿ, ಬಾಗಿಲ ಚಿಲಕ, ಲೋಟ, ನನ್ನ ಕೈ, ಕಡೆಗೆ ಪೂನಂ. ಡಾಕ್ಟರ ಗುಳಿಗೆಯೂ ನಡೆದಿತ್ತು. ಏನೂ ಆಗಿಲ್ಲ ಎಂದು ಇನ್ನು ಮನೆಯಲ್ಲಿ ಯಾರೂ ಹೇಳಬಾರದು ಎಂದು ನಮಗೂ ತಾಕೀತಾಯಿತು.

ಲೋಟದ ದಿನ ನಾನು ಅಲ್ಲೇ ಇದ್ದೆ. ವರ್ಷಾ ಎರಡೂ ಕೈಯಿಂದ ಹಿಡಿದು ಕೊಟ್ಟ ನೀರನ್ನು ಸುಮೇಧಾ ಪೂರ್ತಿ ಕುಡಿದಳು. ಲೋಟ ಕೆಳಗಿಡುವಾಗ ಅವಳ ಕೈ ನಡುಗಿದ್ದನ್ನು ನಾನು ಕಂಡೆ.

“ಏನರ ಆಗಾಕತ್ತದೇನ್ರಿ?” ಎಂದಳು ವರ್ಷಾ.

“ಆ ಪ್ರಶ್ನಿಗ ನಾ ಜವಾಬ್ ಕೊಡಂಗಿಲ್ಲ ವರ್ಷಾ. ನಿಮಗ ಅಂಜಿಕಿ ಆಗಾಕತ್ತದ, ಕಾಣ್ತದ. ಇಬ್ರೂ ಹೀಂಗೇ ಕೂಡೋಣು.”

ವರ್ಷಾ ಬೆವರಿದಳು, ಅತ್ತಳು, ನಿಮಗೆ ಕರುಳಿಲ್ಲ ಎಂದಳು. ಸುಮೇಧಾ ಏಳಲೂ ಇಲ್ಲ, ಮುಖ ತಿರುಗಿಸಲೂ ಇಲ್ಲ. ನನಗೆ ತಡೆಯಲಾಗದೆ ಬಾಯಿ ತೆರೆದೆ. ಅವಳು ನನ್ನ ಕಡೆ ನೋಡಿದಳು, ಮುಚ್ಚಿಕೊಂಡೆ. ಎಷ್ಟೋ ಹೊತ್ತಿಗೆ ಸೊಸೆಯ ಹೆಗಲು ತಾನಾಗಿಯೇ ಕೆಳಗಿಳಿಯಿತು. ಆದರೆ ಮುಂದಿನ ವಾರ ಹೆದರಿಕೆ ಮತ್ತೆ ಏರಿತು, ಮತ್ತೆ ಕೂತರು. ಒಂದೇ ದಿನಕ್ಕೆ ಆಗುವ ಕೆಲಸವಲ್ಲ ಅದು.

ಕಡೆಯದಕ್ಕೆ ಸುಮೇಧಾ ಒಂದು ಭಾನುವಾರ ನಮ್ಮ ಮನೆಗೇ ಬಂದಳು. ವರ್ಷಾ ಬಹಳ ದಿನದ ಮೇಲೆ ಹಿಟ್ಟು ನಾದಿ ರೊಟ್ಟಿ ಬಡಿದಳು. ತುಣುಕು ಮುರಿದು, ಬೇಳೆಯಲ್ಲಿ ಅದ್ದಿ ಪೂನಂ ಮುಂದೆ ಹಿಡಿದಳು. ಕೂಸು ಆ ಕೈಯನ್ನು ನೋಡಿತು, ಮುಖ ತಿರುಗಿಸಿ ಓಡಿ ಬಂದು ನನ್ನ ತೊಡೆ ಹತ್ತಿತು. ತಿನ್ನಿಸುವ ಕೈ ಎಂದರೆ ಅದಕ್ಕೆ ನನ್ನದಾಗಿಬಿಟ್ಟಿತ್ತು.

ಸುಮೇಧಾ ನನ್ನ ಪಕ್ಕ ಕೂತಿದ್ದಳು. “ಎರಡು ತಿಂಗಳು ಸುಮ್ಮ ಕಳದೆ, ಆಯಿ. ಆವಾಗೇ ಕೇಳಿದ್ರ ಕೂಸು ಇಷ್ಟು ದೂರ ಆಗ್ತಿರಲಿಲ್ಲ,” ಎಂದು ಪಿಸುಗುಟ್ಟಿದಳು. ಹಾಗೇನಿಲ್ಲವ್ವಾ ಅನ್ನುವುದು ನನ್ನ ನಾಲಿಗೆಯ ತುದಿಗೆ ಬಂತು. ಅವಳು ಹೇಳಿದ್ದು ನಿಜವಾಗಿತ್ತು. ನಾನು ಸುಮ್ಮನಿದ್ದೆ.

ವರ್ಷಾ ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೇಳೆ ಮಣಿಕಟ್ಟಿನವರೆಗೆ ಇಳಿಯಿತು. ಪೂನಂ ನನ್ನ ತೊಡೆಯಿಂದ ಇಳಿದು, ಎರಡು ಹೆಜ್ಜೆ ಹೋಗಿ ನಿಂತು, ಮತ್ತೆ ಹೋಗಿ ತಾಯಿಯ ಬೆರಳನ್ನು ಮೂಸಿ, ತುತ್ತನ್ನು ಬಾಯಿಗೆ ತೆಗೆದುಕೊಂಡಿತು. ವರ್ಷಾ ನಮ್ಮಿಬ್ಬರ ಕಡೆ ನೋಡಿದಳು. ನಾವು ಏನೂ ಹೇಳಲಿಲ್ಲ. ಅವಳು ರೊಟ್ಟಿಯ ಇನ್ನೊಂದು ತುಣುಕು ಮುರಿದಳು.