ಖಾಲಿಯಾಗುತ್ತಿದ್ದ ಕನ್ನಡದ ಕಪಾಟು

ನನಗೆ ಮೊದಲು ಅನುಮಾನ ಬಂದದ್ದು ತೆಲುಗಿನವರ ಮೇಲೆ. ಅಮೆರಿಕದ ನಮ್ಮ ಬಡಾವಣೆಯ ಲೈಬ್ರರಿಯಲ್ಲಿ, ಹಿಂದಿನ ಗೋಡೆಯುದ್ದಕ್ಕೂ ಬೇರೆ ಬೇರೆ ಭಾಷೆಗಳ ಕಪಾಟುಗಳಿವೆ. ಚೀನೀ ಪುಸ್ತಕಗಳು ಮುಗಿಯುವುದೇ ಇಲ್ಲ. ಆಮೇಲೆ ಹಿಂದಿ, ತಮಿಳು, ತೆಲುಗು. ಕೊನೆಯಲ್ಲಿ, ಕಿಟಕಿಯ ಪಕ್ಕ, ಕನ್ನಡ. ನಮಗೆ ಇದ್ದದ್ದೇ ಎರಡು ಸಾಲು. ಈ ಬೇಸಿಗೆಯಲ್ಲಿ ನೋಡನೋಡುತ್ತ ಅದು ಒಂದೂವರೆಯಾಯಿತು, ಆಮೇಲೆ ಒಂದೇ ಆಯಿತು. ಬಿಟ್ಟ ಜಾಗಕ್ಕೆ ತೆಲುಗು ಕಾದಂಬರಿಗಳು ಬಂದು ಕೂತವು. ಗಡಿ ವಿವಾದಗಳನ್ನು ಕೇಳುತ್ತ ಬೆಳೆದವಳು ನಾನು. ಇಂಥದ್ದು ನನ್ನ ಕಣ್ಣಿಗೆ ಬೇಗ ಬೀಳುತ್ತದೆ.

ಮನೆಯಲ್ಲಿ ಹೇಳಿದರೆ ಗಂಡ ನಕ್ಕುಬಿಟ್ಟರು. ಮಗಳು ಫೋನಿನಿಂದ ತಲೆಯೆತ್ತದೆ, "ಅಮ್ಮಾ, ಇಟ್ಸ್ ಜಸ್ಟ್ ಎ ಲೈಬ್ರರಿ" ಎಂದಳು. ನನ್ನ ಮಾತನ್ನು ನಂಬಿದವರು ಅತ್ತೆ ಒಬ್ಬರೇ.

ಅತ್ತೆ ಹುಬ್ಬಳ್ಳಿಯವರು. ಕೆಲವು ವರ್ಷಗಳಿಂದ ನಮ್ಮ ಜೊತೆಗೇ ಇದ್ದಾರೆ. ನಾವಿಬ್ಬರೂ ಆಫೀಸಿಗೆ ಹೋದ ಮೇಲೆ ನಡೆದುಕೊಂಡು ಲೈಬ್ರರಿಗೆ ಹೋಗಿ, ಆ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು ಓದುತ್ತಾರೆ. ಪುಸ್ತಕ ಮನೆಗೆ ತರುವುದಿಲ್ಲ, ಕಾರ್ಡನ್ನೂ ಮಾಡಿಸಿಲ್ಲ. "ಸರಕಾರದ ಸಾಮಾನು ನಮ್ಮ ಹೆಸರಿಗೆ ಬ್ಯಾಡವಾ. ನಾಳೆ ಒಂದು ಹಾಳಿ ಹರೀತು ಅಂದ್ರ ವೀಸಾದವರು ಕೇಳಂಗಿಲ್ಲೇನು?" ಪುರಾಣ ಓದುವವರ ಹಾಗೆ ಪುಸ್ತಕಕ್ಕೆ ಹಳೆಯ ಸೀರೆಯ ತುಂಡು ಸುತ್ತಿಕೊಂಡು ಓದುವುದು ಅವರ ಪದ್ಧತಿ. ಮುಗಿದ ಮೇಲೆ ಬಟ್ಟೆ ಬಿಚ್ಚಿ, ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ತೆಗೆದ ಜಾಗದಲ್ಲೇ ಇಟ್ಟು ಬರುತ್ತಾರೆ. ಗುಡಿಗೆ ಹೋಗಬೇಕೆಂದರೂ ಫ್ರೀವೇ ಹಿಡಿಯಬೇಕು, ಅದಕ್ಕೆ ನಮ್ಮ ರಜೆಗೆ ಕಾಯಬೇಕು. ಈ ಊರಿನಲ್ಲಿ ಅವರು ಯಾರನ್ನೂ ಕೇಳದೆ ಹೋಗಬಹುದಾದ ಜಾಗ ಇದೊಂದೇ. ಆ ಕಪಾಟು ಖಾಲಿಯಾದರೆ ಅದೂ ಇಲ್ಲ.

"ತೆಲುಗಿನವರು ಅಲ್ಲ ತಗಿಯವಾ, ಒಯ್ಯಾಕಿ ಅಕಿನಽ," ಎಂದರು ಅತ್ತೆ. "ಕೂದಲ ಕತ್ತರಿಸಿಕೊಂಡಾಳಲ್ಲ, ಪುಸ್ತಕದ ಗಾಡಿ ತಳ್ಳಾಕಿ. ನನ್ನ ಮುಂದನ ತುಂಬಕೊಂಡು ಹೋದಳು."

ನಾನು ನೆವಾರ್ಕಿನ ಆಫೀಸಿಗೆ ಅರ್ಧ ದಿನ ರಜೆ ಹಾಕಿ ಬಂದು, ಲೈಬ್ರರಿಯಲ್ಲಿ ಅತ್ತೆಯ ಪಕ್ಕ ಒಂದು ಮ್ಯಾಗಜೀನು ಅಡ್ಡ ಹಿಡಿದು ಕೂತೆ. ಆಕೆ ಬಂದಳು. ಲೈಬ್ರರಿಯ ಸಿಬ್ಬಂದಿ, ನನ್ನದೇ ವಯಸ್ಸು, ಕುತ್ತಿಗೆಯಲ್ಲಿ ಬ್ಯಾಡ್ಜು. ಕನ್ನಡದ ಸಾಲಿನಲ್ಲಿ ಬೆರಳಾಡಿಸಿ ಒಂದಿಷ್ಟು ಪುಸ್ತಕ ಎತ್ತಿ ಗಾಡಿಗೆ ಹಾಕಿದಳು. ಅದರಲ್ಲಿ ಅತ್ತೆ ಅರ್ಧ ಓದಿದ್ದ ದಪ್ಪ ಕಾದಂಬರಿಯೂ ಇತ್ತು. ಅತ್ತೆ ನನ್ನ ಮಣಿಕಟ್ಟನ್ನು ಚಿವುಟಿದರು.

"ಇವನ್ನೆಲ್ಲ ಎಲ್ಲಿಗೆ ಒಯ್ಯುತ್ತಿದ್ದೀರಿ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಜಗಳಕ್ಕೆ ಮುಂಚಿನ ಆಫೀಸು ವಿನಯ ನನಗೆ ಚೆನ್ನಾಗಿ ಬರುತ್ತದೆ.

"ಹಳೆಯ ಪುಸ್ತಕಗಳ ಮಾರಾಟಕ್ಕೆ. ಇವನ್ನು ತುಂಬ ದಿನದಿಂದ ಯಾರೂ ಓದಿಲ್ಲ."

"ಇವರು ನನ್ನ ಅತ್ತೆ. ದಿನಾ ಇವನ್ನೇ ಓದುತ್ತಾರೆ."

ಆಕೆ ಅತ್ತೆಯನ್ನು ನೋಡಿದಳು. "ಇವರನ್ನು ದಿನಾ ನೋಡುತ್ತೇನೆ. ಬಟ್ಟೆ ಸುತ್ತಿರುತ್ತದಲ್ಲ, ಮನೆಯಿಂದ ತಂದ ಪುಸ್ತಕ ಅಂದುಕೊಂಡಿದ್ದೆ."

ಇಲ್ಲಿ ಕೂತು ಓದಿದವರು ಪುಸ್ತಕವನ್ನು ಕಪಾಟಿನಲ್ಲಿ ಇಡಬಾರದಂತೆ, ಗಾಡಿಯ ಮೇಲೆ ಬಿಡಬೇಕಂತೆ. ಸಿಬ್ಬಂದಿ ಅದನ್ನು ಮೆಷಿನ್ನಿಗೆ ತೋರಿಸಿ ಬೀಪ್ ಅನ್ನಿಸಿದರೆ ಮಾತ್ರ ಯಾರೋ ಓದಿದ್ದಾರೆ ಎಂದು ಲೆಕ್ಕ. ಮೇಜಿನ ಮೇಲಿನ ಬೋರ್ಡೂ ಹಾಗೇ ಹೇಳುತ್ತಿತ್ತು. ನಾವು ಜಾಗ ತಪ್ಪಿಸಿ ಇಡುತ್ತೇವೆಂಬ ಅಪನಂಬಿಕೆಯಿಂದ ಅದನ್ನು ಹಾಕಿದ್ದಾರೆಂದು ನಾನು ಇಷ್ಟು ವರ್ಷ ಉರಿದುಕೊಂಡಿದ್ದೆ. ಆಕೆ ಮತ್ತೆ ಮತ್ತೆ ಸಾರಿ ಹೇಳಿ ಪುಸ್ತಕಗಳನ್ನು ವಾಪಸು ಇಟ್ಟಳು. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡೆ.

ದಾರಿಯಲ್ಲಿ ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಿದೆ.

"ಓದಿ ಅಲ್ಲೇ ಬಿಟ್ಟು ಏಳೂದು? ಉಂಡ ಎಲಿ ಬಿಟ್ಟೆದ್ದಂಗ ಆತಲ್ಲವಾ." ಸ್ವಲ್ಪ ದೂರ ನಡೆದು ದನಿ ತಗ್ಗಿಸಿದರು. "ಅದಽ ಗಾಡ್ಯಾಗ ಅಲ್ಲೇನು ಅಕಿ ಒಯ್ಯೂದು? ನಾವಽ ತುಂಬಿ ಕೊಡೂದೇನು?"

ಕಳ್ಳನ ಕೈಗೆ ಕೀಲಿ ಕೊಟ್ಟಂತೆ ಎಂದು ನನಗೂ ಅನ್ನಿಸಿತು. ನಿಜಕ್ಕೂ ಅದೇ ಗಾಡಿ.

ಶನಿವಾರ ಅತ್ತೆ ಬೆಳಿಗ್ಗೆಯೇ ಸ್ನಾನ ಮುಗಿಸಿ, ಲೈಬ್ರರಿ ಬಾಗಿಲು ತೆರೆಯುವ ಹೊತ್ತಿಗೆ ನನ್ನನ್ನು ಎಳೆದುಕೊಂಡು ಹೋದರು. ಕನ್ನಡದ ಸಾಲಿನ ಮೊದಲ ಪುಸ್ತಕ ತೆಗೆದು, ಒಂದು ಪುಟ ಓದಿ, ಗಾಡಿಯ ಮೇಲಿಟ್ಟರು. ಆಮೇಲೆ ಇನ್ನೊಂದು. ಮಕ್ಕಳ ಕಾಯಿಲೆಗಳದ್ದು, ಅಡುಗೆಯದ್ದು, ಯಾವುದನ್ನೂ ಬಿಡಲಿಲ್ಲ. "ಓದಲಾರದ್ದನ್ನ ಓದೀನಿ ಅನ್ನಬಾರದು. ಒಂದು ಪುಟಾನಾದ್ರೂ ಓದಬೇಕು," ಎಂದರು. ಮಧ್ಯಾಹ್ನದ ಹೊತ್ತಿಗೆ ಕಪಾಟು ಪೂರ್ತಿ ಖಾಲಿ. ಅತ್ತೆ ಗಾಡಿಯ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದು ನಿಂತರು.

ಆಕೆ ಬಂದು ರಾಶಿಯನ್ನು ನೋಡಿದಳು. "ಇವೆಲ್ಲವನ್ನೂ ಇವರು ಓದಿದರಾ?"

"ಹೌದು," ಎಂದೆ.

ಆಕೆ ನಂಬಲಿಲ್ಲ, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಮೆಷಿನ್ನು ತಂದು ಒಂದೊಂದನ್ನೇ ತೋರಿಸತೊಡಗಿದಳು. ಒಂದೊಂದು ಬೀಪ್ ಆದ ಕೂಡಲೇ ಅತ್ತೆ ಆ ಪುಸ್ತಕವನ್ನು ಆಕೆಯ ಕೈಯಿಂದ ಕಸಿದುಕೊಳ್ಳುವಂತೆ ತೆಗೆದು ಹಲಗೆಗೆ ಸೇರಿಸುತ್ತಿದ್ದರು. ಇನ್ನೊಂದು ಕೈ ಹಿಡಿಕೆ ಬಿಟ್ಟಿರಲಿಲ್ಲ. ಆ ದಪ್ಪ ಕಾದಂಬರಿಯ ಸರದಿ ಬಂದಾಗ ಎರಡು ಸಲ ಬೀಪ್ ಆಯಿತು.

"ಯಾಕ ಎರಡು ಸಲ? ಕೇಳು ಅಕೀನ್ನ," ಎಂದರು ಅತ್ತೆ.

ಕೇಳಿದೆ. "ಒಂದು ಇವತ್ತಿನದು," ಎಂದಳು ಆಕೆ. "ಇನ್ನೊಂದು, ಮನೆಯ ಪುಸ್ತಕ ಎಂದುಕೊಂಡು ನಾನು ಲೆಕ್ಕಕ್ಕೆ ಹಿಡಿಯಲಿಲ್ಲವಲ್ಲ, ಆಗ ಓದಿದ್ದು."

ಅದನ್ನು ಕನ್ನಡದಲ್ಲಿ ಹೇಳಿದೆ. ಅತ್ತೆ ಆಕೆಯ ಕಡೆ ತಿರುಗಿದರು.

"ಹಂಗಾದ್ರ ನಾ ಹೋದ ವರ್ಷ ಓದಿದ್ದರ ಲೆಕ್ಕಾನೂ ಐತಿ ಅಂತ ಹೇಳವಾ," ಎಂದರು. ಹಿಡಿಕೆ ಬಿಟ್ಟು, ಹಲಗೆಗೆ ಸೇರಿಸಿದ್ದ ಪುಸ್ತಕಗಳನ್ನೆಲ್ಲ ಎರಡೂ ಕೈಯಿಂದ ಬಾಚಿ ಮತ್ತೆ ಆಕೆಯ ಗಾಡಿಗೆ ತುಂಬತೊಡಗಿದರು.