ಚಂದ್ರವಳ್ಳಿಯ ಹತ್ತು ನಿಮಿಷ

ಕುಡಿತ ಬಿಡುವವರ ಸಭೆ ಚಿತ್ರದುರ್ಗದಲ್ಲೇ ನಡೆಯುತ್ತಿತ್ತು, ನಮ್ಮ ಮನೆಯಿಂದ ಎರಡೇ ಬೀದಿ ಆಚೆ. ಮೂರು ಭಾನುವಾರ ಅದರ ಬಾಗಿಲವರೆಗೆ ಹೋಗಿ ವಾಪಸು ಬಂದೆ. ಅದೇ ಊರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳುವವನು ನಾನು. ಹೊರಗೆ ಬಿಟ್ಟಿದ್ದ ಚಪ್ಪಲಿಗಳಲ್ಲಿ ಯಾವುದು ಯಾವ ವಿದ್ಯಾರ್ಥಿಯ ಅಪ್ಪನದೋ ಎಂಬ ಭಯ. ಹಿರಿಯೂರಿನಲ್ಲೂ ಅಂಥದ್ದೊಂದು ಸಭೆ ಇದೆ ಎಂದು ಡಾಕ್ಟರು ಹೇಳಿದಾಗ, ಅಲ್ಲಾದರೆ ನನ್ನನ್ನು ಗುರುತಿಸುವವರಿಲ್ಲ ಎಂದುಕೊಂಡು ಬಸ್ಸು ಹತ್ತಿದೆ.

ಹೋಗದೆ ವಿಧಿಯಿರಲಿಲ್ಲ. ಹೆಂಡತಿ ಆರು ವರ್ಷದ ಮಗಳನ್ನು ಕರೆದುಕೊಂಡು ಹೊಳಲ್ಕೆರೆಯ ತವರಿಗೆ ಹೋಗಿ ಎರಡು ತಿಂಗಳಾಗಿತ್ತು. ಹೋಗುವಾಗ ಅವಳು ಹಾಕಿದ್ದು ಒಂದೇ ಷರತ್ತು.

"ದೇವರ ಮುಂದೆ ಆಣೆ ಮಾಡಬ್ಯಾಡ್ರಿ, ಮೂರು ಸಲ ಮಾಡಿ ಆಗೈತೆ. ಚಂದ್ರವಳ್ಳಿಯಾಗೆ ಏನು ಮಾಡಿದ್ರಿ ಅಂತ ನಾಕು ಜನದ ಮುಂದೆ ಬಾಯಿಬಿಟ್ಟು ಹೇಳ್ರಿ. ಆಮ್ಯಾಲೆ ಬರ್ತೀವಿ."

ಚಂದ್ರವಳ್ಳಿಯಲ್ಲಿ ನಡೆದದ್ದು ಇಷ್ಟು. ಗುಹೆ ತೋರಿಸುತ್ತೇನೆಂದು ಮಗಳನ್ನು ಕರೆದುಕೊಂಡು ಹೋಗಿದ್ದೆ. ಕೆರೆಯ ಪಕ್ಕ ಒಂದು ಬಂಡೆಯ ಮೇಲೆ ಅವಳನ್ನು ಕೂರಿಸಿ, ಕಳ್ಳೆಕಾಯಿ ಪೊಟ್ಟಣ ಕೈಗೆ ಕೊಟ್ಟು, ಈಗ ಬಂದೆ ಎಂದು ಹೇಳಿ ಕುಡಿಯಲು ರಸ್ತೆಯ ಅಂಗಡಿಗೆ ಹೋದೆ. ನನ್ನ ನೆನಪಿನ ಪ್ರಕಾರ ಹತ್ತು ನಿಮಿಷ. ಹೆಂಡತಿಯ ಪ್ರಕಾರ ಇಡೀ ಸಂಜೆ. ನಾವು ಮನೆ ಸೇರಿದಾಗ ದೀಪ ಹಚ್ಚಿಯಾಗಿತ್ತಂತೆ. ಗುಹೆ ಸುತ್ತುವುದಕ್ಕೇ ಅಷ್ಟು ಹೊತ್ತಾಯಿತೆಂಬುದು ನನ್ನ ವಾದ. ಅಳುತ್ತಿದ್ದ ಮಗಳನ್ನು ಎತ್ತಿಕೊಂಡು ಅಂಗಡಿಗೆ ತಂದು ನನಗೆ ಒಪ್ಪಿಸಿದವನು ನಮ್ಮ ಕಾಲೇಜಿನ ಜವಾನ.

ಹಿರಿಯೂರು ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಿದ್ದವನೂ ಅವನೇ.

"ಬರ್ರಿ ಸಾರ್, ಕುಂತ್ಕಳ್ರಿ. ಹಿರಿಯೂರಿಗಾ?"

"ಹೂಂ. ನಂಟರ ಮನೆ."

"ನಂದೂ ಅದೇ ಸಾರ್. ನಂಟರ ಮನೆ."

ಇಳಿದ ಮೇಲೆ ಅವನಿಂದ ತಪ್ಪಿಸಿಕೊಳ್ಳಲು ಬಸ್‌ಸ್ಟ್ಯಾಂಡಿಗೆ ಒಂದು ಸುತ್ತು ಹಾಕಿ, ಸಭೆ ನಡೆಯುವ ಶಾಲೆಗೆ ಹೋದೆ. ಮಗ್ಗಿ ಬರೆದಿದ್ದ ಬೋರ್ಡಿನ ಎದುರು, ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿಕೊಂಡು ಅವನು ಕೂತಿದ್ದ.

"ಇಬ್ರಿಗೂ ಒಂದೇ ನಂಟ್ರು ಸಾರ್," ಎಂದು ಪಕ್ಕಕ್ಕೆ ಸರಿದ.

ಎಲ್ಲರೂ ನಕ್ಕರು. ಹಿರಿಯೂರಿನವರು ಹೊಸದುರ್ಗದ ಸಭೆಗೆ ಹೋಗುತ್ತಾರಂತೆ, ಹೊಸದುರ್ಗದವರು ಚಿತ್ರದುರ್ಗಕ್ಕೆ. ಮಾನ ಉಳಿಸಿಕೊಳ್ಳಲೆಂದು ಜಿಲ್ಲೆಯ ಕುಡುಕರೆಲ್ಲ ಭಾನುವಾರ ಒಬ್ಬರ ಊರಿಗೆ ಒಬ್ಬರು ಬಸ್ಸಿನಲ್ಲಿ ತಿರುಗುತ್ತಿದ್ದೆವು.

ಅಲ್ಲಿ ನನಗೆ ಎಲ್ಲದರ ಮೇಲೂ ಸಿಟ್ಟು ಬಂತು. ಮೊದಲು ಪ್ರಾರ್ಥನೆ. ಆಮೇಲೆ, ನಮಗಿಂತ ದೊಡ್ಡ ಶಕ್ತಿಯೊಂದಿದೆ ಎಂಬ ಮಾತು, ಪುರಾವೆ ಕೇಳುವಂತಿಲ್ಲ. ಒಬ್ಬರು ಮಾತಾಡುವಾಗ ಇನ್ನೊಬ್ಬರು ತಿದ್ದಬಾರದು, ಅದು ಅಲ್ಲಿನ ಕಟ್ಟಳೆ. ಯಲ್ಲದಕೆರೆಯ ಕುರಿಗಾರರೊಬ್ಬರು, ಮಂದೆಯನ್ನು ಬಯಲಲ್ಲಿ ಬಿಟ್ಟು ಕುಡಿದು ಮಲಗಿದ್ದನ್ನು ನಾಲ್ಕು ಸಲ ಹೇಳಿದರು, ನಾಲ್ಕು ಸಲವೂ ಬೇರೆ ಬೇರೆ ಥರ. ನಾನು ಹಲ್ಲು ಕಚ್ಚಿಕೊಂಡು ಕೂತೆ. ನನ್ನ ಸರದಿ ಬಂದಾಗ, ಸಾರಾಯಿಯ ಮೇಲೆ ಸರ್ಕಾರಗಳ ನೀತಿ ಹೇಗೆ ಬದಲಾಯಿತೆಂದು ವಿವರಿಸತೊಡಗಿದೆ. ಸಭೆ ನಡೆಸುತ್ತಿದ್ದ ಹಿರಿಯರು, ರಿಟೈರಾದ ಬಸ್ ಡ್ರೈವರು, ಕೈ ಎತ್ತಿದರು.

"ಮೇಷ್ಟ್ರೇ, ಸರ್ಕಾರ ಬ್ಯಾಕಾದ್ರೆ ಮುಂದಿನ ವಾರ ತಾನೇ ಬಂದು ಹೇಳ್ಕಳ್ಳಲಿ. ನಿಮ್ದು ಹೇಳ್ರಿ."

ಕಟ್ಟಳೆ ಮುರಿಯುವುದಕ್ಕೆ ಅವರಿಗೆ ನಾನೇ ಬೇಕಾಗಿತ್ತು. ಹೇಳಿದೆ. ಹತ್ತು ನಿಮಿಷ ಎಂದೇ ಹೇಳಿದೆ. ಜವಾನ ನೆಲ ನೋಡುತ್ತಿದ್ದ.

ವಾಪಸು ಬರುವಾಗ ತಡೆಯಲಾಗಲಿಲ್ಲ. "ನಿಜ ಹೇಳಪ್ಪ, ನಾನು ಎಷ್ಟು ಹೊತ್ತು ಬಿಟ್ಟಿದ್ದೆ ಮಗೂನ?"

"ನನ್ನ ಕೇಳ್ತೀರಲ್ಲ ಸಾರ್! ನಾನೇನು ಅವತ್ತು ಮಠಕ್ಕೆ ಹೋಗಿ ಬರ್ತಿದ್ನಾ? ಮಗೀನ ಎತ್ಕಂಡಿದ್ದು ನೆಪ್ಪೈತೆ. ಬೆಳಕಿತ್ತೋ ಕತ್ಲಿತ್ತೋ, ಗೊತ್ತಿಲ್ಲ. ಅಲ್ಲಿ ಕುಡೀದೆ ಇದ್ದೋರು ಅಂದ್ರೆ ನಿಮ್ಮ ಮಗಳೊಬ್ಳೇ."

ಸಾಕ್ಷ್ಯವನ್ನು ಒರೆಗೆ ಹಚ್ಚುವುದನ್ನು ವಿಶ್ವವಿದ್ಯಾನಿಲಯದಲ್ಲಿ ಕಲಿತು ಬಂದವನು ನಾನು. ಮರುದಿನವೇ ಹೊಳಲ್ಕೆರೆಗೆ ಹೋದೆ.

ಹೆಂಡತಿ ನೀರು ಕೊಟ್ಟು ಬಾಗಿಲಲ್ಲಿ ನಿಂತಳು.

"ಹೇಳಿ ಬಂದೆ," ಎಂದೆ.

"ಏನಂತ?"

"ಹತ್ತು ನಿಮಿಷ ಬಿಟ್ಟು ಹೋಗಿದ್ದೆ ಅಂತ."

ಮಗಳು ಜಗಲಿಯಲ್ಲಿ ಸ್ಲೇಟು ಹಿಡಿದು ಕೂತಿದ್ದಳು. "ಪುಟ್ಟಿ, ಅವತ್ತು ಅಪ್ಪ ಎಷ್ಟು ಹೊತ್ತು ಬಂದಿರಲಿಲ್ಲ?"

"ಹತ್ತೇ ನಿಮಿಷ," ಎಂದಳು ಥಟ್ಟನೆ, ತಲೆಯೆತ್ತದೆ.

ಗೆದ್ದಂತಾಯಿತು ನನಗೆ. ಹೆಂಡತಿಯ ಕಡೆ ತಿರುಗಿದೆ.

"ಅವ್ಳಿಗೆ ಗಡಿಯಾರ ನೋಡಾಕೆ ಇನ್ನೂ ಬರಲ್ಲ," ಎಂದಳು ಅವಳು. "ಯಾರು ಕಲಿಸಿದ್ದು ಕೇಳ್ರಿ."

ಕೇಳಬೇಕಾಗಲಿಲ್ಲ. ಚಂದ್ರವಳ್ಳಿಯಿಂದ ನಡೆದು ಬರುವಾಗ, ಅಮ್ಮ ಕೇಳಿದರೆ ಹತ್ತೇ ನಿಮಿಷ ಅನ್ನು ಎಂದು ನಾನು ಹೇಳಿಕೊಟ್ಟದ್ದು, ಅವಳು ಬಿಕ್ಕುತ್ತಾ ಒಪ್ಪಿಸಿದ್ದು ನೆನಪಾಯಿತು. ನೆನಪಾಯಿತೋ, ಆ ಜಗಲಿಯಲ್ಲಿ ನಿಂತು ಕಟ್ಟಿಕೊಂಡೆನೋ, ಇವತ್ತಿಗೂ ನನಗೆ ಖಾತ್ರಿಯಿಲ್ಲ. ಆದರೆ ಅವಳು ಮಗ್ಗಿ ಒಪ್ಪಿಸುವ ಧಾಟಿಯಲ್ಲಿ ಹೇಳಿದ್ದನ್ನು ಕಿವಿಯಾರೆ ಕೇಳಿದ್ದೆ. ಮಗುವಿಗೆ ಕಲಿಸಿದ ಸುಳ್ಳನ್ನು ನಾನೂ ಬಾಯಿಪಾಠ ಮಾಡಿಕೊಂಡಿದ್ದೆ.

ಅವರು ನನ್ನ ಜೊತೆ ಬರಲಿಲ್ಲ. "ಇದನ್ನ ಹೋಗಿ ಹೇಳ್ರಿ," ಎಂದಳು ಹೆಂಡತಿ, ಅಷ್ಟೇ.

ಮುಂದಿನ ಭಾನುವಾರ ಹಿರಿಯೂರು ಬಸ್ಸಿನಲ್ಲಿ ಕಿಟಕಿ ಪಕ್ಕ ಟವೆಲ್ ಬಿದ್ದಿತ್ತು. "ನಂಟರ ಮನೆಗಾ ಸಾರ್?" ಎಂದ ಜವಾನ. ಹೌದೆಂದು ಕೂತೆ. ಹೇಳಬೇಕಾದ್ದು ಇಷ್ಟೇ ಇತ್ತು: ಎಷ್ಟು ಹೊತ್ತೆಂದು ಗೊತ್ತಿಲ್ಲ, ಮಗಳಿಗೆ ಸುಳ್ಳು ಕಲಿಸಿದ್ದು ನಾನು. ಐಮಂಗಲ ದಾಟುವವರೆಗೂ ಮನಸ್ಸಿನಲ್ಲೇ ಅದನ್ನು ತಿದ್ದಿದೆ. ಪ್ರತಿ ಸಲವೂ, ನನಗೆ ಅನುಕೂಲವಾಗುವ ಒಂದೆರಡು ಮಾತು ಎಲ್ಲಿಂದಲೋ ಬಂದು ಸೇರಿಕೊಳ್ಳುತ್ತಿತ್ತು. ಸಿಟ್ಟಿನಿಂದ ಅವನ್ನು ಕಿತ್ತುಹಾಕುತ್ತಾ ಹೋದೆ.