ನಕಲಿನಲ್ಲಿ ಕಾಣದ ಸಹಿ

ಹೊಸಪೇಟೆಯ ಮೇಲ್ಮನವಿ ನ್ಯಾಯಾಲಯಕ್ಕೆ ಸ್ಟೆನೊ ಆಗಿ ಸೇರಿದ ದಿನದಿಂದ ನಾನೊಂದು ಡೈರಿ ಇಟ್ಟಿದ್ದೇನೆ. ಯಾವ ಪ್ರಕರಣ ಎಷ್ಟು ಸಲ ಮುಂದೆ ಹೋಯಿತು ಎಂಬ ಲೆಕ್ಕ ಅದರಲ್ಲಿದೆ. ಯಾರೂ ಕೇಳಿದ್ದಲ್ಲ.

"ಪಂಚಾಂಗ ಬರ್ಯಾಕತ್ತೀರೇನ್ರಿ ಮೇಡಂ?" ಎನ್ನುತ್ತಾರೆ ಬೆಂಚ್ ಕ್ಲರ್ಕ್. "ನನ್ನ ಮಗಳ ಮದುವಿಗೂ ಒಂದು ತಾರೀಖು ತೆಗೆದುಕೊಡ್ರಿ. ಮುಂದಕ್ಕ ಹೋಗದಂಗ."

ಸಂಡೂರಿನ ಹತ್ತಿರದ ವಡ್ಡು ಎಂಬ ಊರಿನ ಮುದುಕಿಯ ಮೇಲ್ಮನವಿಗೆ ಆ ಡೈರಿಯಲ್ಲಿ ಮೂವತ್ತೆಂಟು ಗೆರೆಗಳಿದ್ದವು. ಆಕೆ ಇರುವ ಎರಡು ಕೋಣೆಯ ಮನೆಯನ್ನು ಬಿಡಿಸಬೇಕೆಂದು ಆಕೆಯ ತಮ್ಮ ಹಟ ಹಿಡಿದಿದ್ದ. ಮನೆ ತನ್ನ ಪಾಲಿನದು ಎನ್ನಲು ಆಕೆಯ ಹತ್ತಿರ ಇದ್ದದ್ದು ಒಂದೇ ಪಾಲುಪಟ್ಟಿ. ಆಸ್ತಿ ಹಂಚಿಕೊಂಡಾದ ಮೇಲೆ ಮನೆಯವರು ನೆನಪಿಗೆಂದು ಬರೆದಿಟ್ಟ ಹಾಳೆ ಅದು. ನೋಂದಣಿ ಆಗಿಲ್ಲವೆಂದು ಸಂಡೂರಿನ ಕೋರ್ಟು ಹದಿನೇಳು ವರ್ಷದ ಹಿಂದೆ ಅದನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಲಿಲ್ಲ. ಆಮೇಲೆ ಬಂದ ಇನ್ನೊಬ್ಬ ನ್ಯಾಯಾಧೀಶರು, ದಾಖಲೆ ಇಲ್ಲವೆಂದು ಆಕೆಯ ವಿರುದ್ಧ ತೀರ್ಪು ಕೊಟ್ಟರು.

ನಮ್ಮ ಸಾಹೇಬರು ನಿವೃತ್ತಿಯ ಹತ್ತಿರ ಬಂದವರು. ಸಂಜೆ ಕೋರ್ಟು ಎದ್ದ ಮೇಲೆ ಚೇಂಬರಿನಲ್ಲಿ ಚಪ್ಪಲಿ ಕಳಚಿ, ಊದಿದ ಕಾಲನ್ನು ಸ್ಟೂಲಿನ ಮೇಲಿಟ್ಟು, ಕಣ್ಣು ಮುಚ್ಚಿ ತೀರ್ಪು ಹೇಳಿ ಬರೆಸುತ್ತಿದ್ದರು. ಒಂದು ಸೋಮವಾರ ಮುದುಕಿಯ ಪರವಾಗಿ ಬರೆಸಿದರು: ಆಗಿಹೋದ ಹಂಚಿಕೆಯನ್ನು ನೆನಪಿಗೆ ಬರೆದಿಟ್ಟ ಹಾಳೆಗೆ ನೋಂದಣಿ ಬೇಕಿಲ್ಲ. ಅದರಲ್ಲಿ ಒಂದು ಸಾಲು: "ಪಾಲುಪಟ್ಟಿಯನ್ನು ತಿರಸ್ಕರಿಸಿದ ನ್ಯಾಯಾಧೀಶರು ಅದನ್ನು ಓದಿದಂತೆ ಕಾಣುವುದಿಲ್ಲ."

ಮರುದಿನ ದಾಖಲೆಗಳ ಸಂಖ್ಯೆ ತಾಳೆ ನೋಡಲು ಸಂಡೂರಿನ ಮೂಲ ಕಡತ ಬಿಚ್ಚಿದೆ. ಅಲ್ಲಿಯವರೆಗೆ ಎಲ್ಲರೂ ಓದಿದ್ದು ಪಾಲುಪಟ್ಟಿಯನ್ನು ತಿರಸ್ಕರಿಸಿದ ಆದೇಶದ ಟೈಪಾದ ನಕಲನ್ನೇ. ನಕಲಿನಲ್ಲಿ ಸಹಿ ಇರುವುದಿಲ್ಲ, ಅದರ ಜಾಗದಲ್ಲಿ 'ಸಹಿ' ಎಂಬ ಎರಡಕ್ಷರ, ಕೆಳಗೆ ಹುದ್ದೆ ಇರುತ್ತದೆ, ಹೆಸರಲ್ಲ. ಮೂಲದಲ್ಲಿ ಹಸಿರು ಶಾಯಿಯ ನಿಜವಾದ ಸಹಿ ಇತ್ತು. ನನ್ನ ಎಲ್ಲ ರಜೆ ಅರ್ಜಿಗಳ ಮೇಲೂ ಅದೇ ಸಹಿ ಇದೆ.

ತೀರ್ಪಿಗೆ ಇನ್ನೊಂದೇ ದಿನ. ಕಡತ ಕಟ್ಟಿಟ್ಟರೆ ಮುದುಕಿಗೆ ಮನೆ ಉಳಿಯುತ್ತಿತ್ತು. ಹೇಳಿದರೆ, ತಮ್ಮದೇ ಆದೇಶದ ಮೇಲಿನ ಮನವಿಯನ್ನು ಸಾಹೇಬರು ತಾವೇ ಕೇಳುವಂತಿಲ್ಲವಾದ್ದರಿಂದ, ಪ್ರಕರಣ ಬೇರೆ ನ್ಯಾಯಾಧೀಶರಿಗೆ ಹೋಗಿ, ವಾದ ಮತ್ತೆ ಮೊದಲಿಂದ. ಆದರೆ ತಮ್ಮನ ವಕೀಲರು ಮುಂದೆ ಹೈಕೋರ್ಟಿನಲ್ಲಿ ಈ ಸಹಿಯನ್ನು ತೋರಿಸಿದರೆ ಇಡೀ ತೀರ್ಪೇ ಬಿದ್ದುಹೋಗುತ್ತಿತ್ತು. ಊಟ ಮಾಡದೆ ಒಂದು ಗಂಟೆ ಕೂತಿದ್ದೆ. ಆಮೇಲೆ ಕಡತ ಎತ್ತಿಕೊಂಡು ಒಳಗೆ ಹೋದೆ.

ಸಾಹೇಬರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು.

"ನಂದ ಐತಿ. ಕೂಡ್ಲಿಗಿಯೊಳಗ ಇದ್ದಾಗ ಹದಿನೈದು ದಿನ ಸಂಡೂರು ಕೋರ್ಟಿಂದೂ ನೋಡ್ಕೋ ಅಂದಿದ್ರು. ದಿನಾ ಎಪ್ಪತ್ತು, ಎಂಬತ್ತು ಕೇಸು. ಏನೂ ನೆನಪಿಲ್ಲ." ಕಡತ ಮುಚ್ಚಿ ಕೇಳಿದರು, "ಎಷ್ಟು ತಾರೀಖು ಆದ್ವಮ್ಮ ಇದಕ್ಕ?"

"ಮೂವತ್ತೆಂಟು ಸರ್. ನಾಳೆ ಮೂವತ್ತೊಂಬತ್ತು."

"ಆ ಸಾಲು ಖರೇನ ಬರೆಸೀನಿ ನೋಡು, ಓದಿಲ್ಲ ಅಂತ," ಎಂದರು. ತೀರ್ಪಿನ ಕರಡನ್ನು ಅಳಿಸಲು ಹೇಳಿದರು. ಹದಿನಾಲ್ಕು ಪುಟ ಇತ್ತು.

ಮರುದಿನ ಮುದುಕಿ ಎಂದಿನಂತೆ ಮೊದಲ ಬಸ್ಸಿಗೆ ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಪ್ರಕರಣವನ್ನು ಬೇರೆ ನ್ಯಾಯಾಧೀಶರ ಮುಂದೆ ಇಡಬೇಕೆಂದೂ, ಅಲ್ಲಿಯವರೆಗೆ ಆಕೆಯನ್ನು ಮನೆಯಿಂದ ಎಬ್ಬಿಸಬಾರದೆಂದೂ ಸಾಹೇಬರು ಆದೇಶ ಬರೆಸಿದರು. ಅಷ್ಟಕ್ಕೆ ಬಿಡಬಹುದಿತ್ತು. ಆಕೆಯನ್ನು ಮುಂದೆ ಕರೆಸಿದರು.

"ಅಮ್ಮಾ, ಅವತ್ತ ನಿಮ್ಮ ಕಾಗದ ನಡಿಯಂಗಿಲ್ಲ ಅಂದವ ನಾನ. ಅದಕ್ಕ ನಾ ಈ ಕೇಸು ನಡಸಬಾರದು."

"ಗೊತ್ತೈತ್ರಿ ಯಪ್ಪಾ," ಎಂದಳು ಮುದುಕಿ. "ಮೊದಲನೇ ದಿನಾನ ಗುರುತು ಹಿಡಿದೀನಿ. ಆಗ ಕೂದಲು ಕರೇವು ಇದ್ದುವು."

"ಮತ್ತ ಯಾಕ ಹೇಳಲಿಲ್ಲ?"

"ಈ ಸಲನಾದ್ರೂ ಓದ್ತೀರಿ ಅಂತ ಕುಂತಿದ್ದೆ."

ಸಾಹೇಬರು ತಲೆ ತಗ್ಗಿಸಿ, "ಓದಿದೆ ಅಮ್ಮಾ," ಎಂದರು.

ಹೊರಗೆ ವರಾಂಡದಲ್ಲಿ ಮುದುಕಿ ನನ್ನನ್ನು ತಡೆದಳು. "ಹೊಸಾ ಸಾಹೇಬ್ರ ತಾರೀಖು ಚೀಟಿಯಾಗ ಬರಕೊಡವ್ವಾ. ಅವ್ರು ಓದ್ತಾರಿಲ್ಲೋ?"

ತಾರೀಖು ಇನ್ನೂ ಬಿದ್ದಿಲ್ಲ ಎಂದೆ. ಬರೆಯಲೆಂದು ಹರಿದ ಚೀಟಿ ನನ್ನ ಕೈಯಲ್ಲೇ ಇತ್ತು. ಆಕೆ ಖಾಲಿ ಚೀಟಿಯನ್ನೇ ಇಸಿದುಕೊಂಡು, ಮಡಚಿ, ಪಾಲುಪಟ್ಟಿಯ ನಕಲಿನ ಜೊತೆ ಚೀಲದಲ್ಲಿಟ್ಟುಕೊಂಡು ಸಂಡೂರಿನ ಬಸ್ಸಿಗೆ ನಡೆದಳು. ನಾನು ಒಳಗೆ ಬಂದು ಮೂವತ್ತೊಂಬತ್ತನೆಯ ಗೆರೆ ಎಳೆದೆ.